ಆಟದ ಸಂತೆಯಲ್ಲೂ ತಕ್ಕಡಿ ಒಂದೇ



ದೇವರ ಹತ್ತು ಕಟ್ಟಳೆಗಳಲ್ಲಿ ಏಳನೆಯದನ್ನು ಮಕ್ಕಳಿಗೆ ಕಲಿಸುವಾಗ ನಾವು ಕೊಡುವ ಉದಾಹರಣೆಗಳು ಎಲ್ಲರಿಗೂ ಗೊತ್ತು. ಪಕ್ಕದ ಹುಡುಗನ ಪೆನ್ಸಿಲ್ ಎತ್ತಿಕೊಳ್ಳಬಾರದು. ಅಂಗಡಿಯವರು ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟರೆ ಹಿಂದಿರುಗಿಸಬೇಕು. ತೂಕದಲ್ಲಿ, ಅಳತೆಯಲ್ಲಿ ಮೋಸ ಮಾಡಬಾರದು. ಎಂಟನೆಯ ಕಟ್ಟಳೆಗೆ ಬಂದಾಗ, ಸುಳ್ಳು ಸಾಕ್ಷಿ ಹೇಳಬಾರದು, ಇನ್ನೊಬ್ಬರ ಹೆಸರು ಕೆಡಿಸಬಾರದು ಎನ್ನುತ್ತೇವೆ. ಇವೆಲ್ಲ ಇಂದಿಗೂ ಸರಿಯೇ. ಆದರೆ ನಮ್ಮ ಮಕ್ಕಳು ಕೊಳ್ಳುವ, ಮಾರುವ ಇನ್ನೊಂದು ಸಂತೆ ಈಗ ಮನೆಯೊಳಗೇ ಇದೆ. ಅದು ಕಂಪ್ಯೂಟರಿನ ಪರದೆಯಲ್ಲಿ ನಡೆಯುವ ವಿಡಿಯೋ ಆಟದ ವಸ್ತುಗಳ ಸಂತೆ. ಅಲ್ಲಿ ಮೋಸ ಹೋದವರಿದ್ದಾರೆ, ಮೋಸ ಮಾಡಿದವರಿದ್ದಾರೆ, ಏನೂ ಮಾಡದೆ ಶಿಕ್ಷೆ ಉಂಡವರೂ ಇದ್ದಾರೆ.

"ಆಟ ತಾನೇ, ಹೋಗಲಿ ಬಿಡು" ಎಂದು ಹಿರಿಯರು ಹೇಳಿಬಿಡುವುದು ಸುಲಭ. ಆದರೆ ಮಗು ನ್ಯಾಯವನ್ನು ಮೊದಲು ಕಲಿಯುವುದೇ ಆಟದಲ್ಲಿ. ಗೋಲಿಯಾಟದಲ್ಲಿ ಕಳ್ಳಾಟ ಆಡಿದವನನ್ನು ಜೊತೆಗಾರರು ಹೊರಗೆ ಹಾಕುತ್ತಿದ್ದುದು ನಮಗೆಲ್ಲ ನೆನಪಿದೆ. ಆದ್ದರಿಂದ ಈ ಹೊಸ ಸಂತೆಯಲ್ಲಿ ಹಳೆಯ ಎರಡು ಕಟ್ಟಳೆಗಳು ಹೇಗೆ ಅನ್ವಯಿಸುತ್ತವೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಕೈಗೆ ಸಿಗದ ವಸ್ತು, ಕೈಯಿಂದ ಹೋಗುವ ಹಣ

ಮೊದಲು ಈ ಸಂತೆ ಎಂಥದ್ದು ಎಂದು ತಿಳಿಯಬೇಕು. ವಾಲ್ವ್ ಎಂಬ ಅಮೆರಿಕದ ಕಂಪನಿ 'ಸ್ಟೀಮ್' ಎಂಬ ಹೆಸರಿನಲ್ಲಿ ಅಂತರಜಾಲದ ಆಟಗಳ ಮಳಿಗೆಯನ್ನು ನಡೆಸುತ್ತದೆ. ಆಟಗಾರರು ತಮ್ಮತಮ್ಮೊಳಗೇ ಆಟದ ವಸ್ತುಗಳನ್ನು ಕೊಂಡು ಮಾರುವ ಮಾರುಕಟ್ಟೆಯನ್ನು ಅದು 2012ರ ಡಿಸೆಂಬರ್‌ನಲ್ಲಿ ಆರಂಭಿಸಿತು. 2013ರ ಆಗಸ್ಟ್‌ನಲ್ಲಿ 'ಕೌಂಟರ್ ಸ್ಟ್ರೈಕ್' ಎಂಬ ಬಂದೂಕಿನ ಆಟಕ್ಕೆ 'ಸ್ಕಿನ್'ಗಳು ಬಂದವು. ಸ್ಕಿನ್ ಎಂದರೆ ಆಟದೊಳಗಿನ ಬಂದೂಕಿಗೋ ಚಾಕುವಿಗೋ ಹಚ್ಚುವ ಬಣ್ಣ, ಚಿತ್ತಾರ. ಅದರಿಂದ ಆಟಗಾರನ ಬಲವೇನೂ ಹೆಚ್ಚುವುದಿಲ್ಲ. ನೋಡಲು ಚೆಂದ, ಕೆಲವಂತೂ ಸಿಗುವುದೇ ಅಪರೂಪ, ಅಷ್ಟೆ. ಆದರೂ ಕೆಲವು ಬಿಡಿಗಾಸಿಗೆ ಸಿಕ್ಕರೆ, ಇನ್ನು ಕೆಲವು ಹೊರಗಿನ ವ್ಯಾಪಾರದಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತವೆ.

ಈ ಮಾರುಕಟ್ಟೆಗೆ ಸುಂಕವೂ ಉಂಟು. ಕೌಂಟರ್ ಸ್ಟ್ರೈಕ್ ವಸ್ತುವಿಗೆ ಸ್ಟೀಮ್ ಲೆಕ್ಕಕ್ಕೆ ಶೇಕಡಾ 5, ಆಟದ ಲೆಕ್ಕಕ್ಕೆ ಶೇಕಡಾ 10. ಅಂದರೆ ಮಾರುವವನ ಕೈಗೆ 100 ರೂಪಾಯಿ ಸೇರಬೇಕಾದರೆ ಕೊಳ್ಳುವವನು 115 ರೂಪಾಯಿ ಕೊಡಬೇಕು. ಹಾಗೆ ಬಂದ ಹಣ ಆ ಮಳಿಗೆಯ ಖಾತೆಯಲ್ಲೇ ಉಳಿಯುತ್ತದೆ. ಅದರಿಂದ ಇನ್ನೊಂದು ಆಟವನ್ನೋ ವಸ್ತುವನ್ನೋ ಕೊಳ್ಳಬಹುದು, ಆದರೆ ಬ್ಯಾಂಕಿಗೆ ಹಾಕಿಕೊಳ್ಳಲು ಬರುವುದಿಲ್ಲ. ಆಟದಲ್ಲಿ ಮೋಸದ ತಂತ್ರಾಂಶ ಬಳಸಿ ಸಿಕ್ಕಿಬಿದ್ದವನ ಖಾತೆಗೆ ಕಂಪನಿ ನಿಷೇಧ ಹಾಕಿದರೆ, ಆ ಆಟದ ವಸ್ತುಗಳನ್ನು ಅವನು ಮುಂದೆ ಮಾರುವಂತಿಲ್ಲ, ಬದಲಾಯಿಸುವಂತಿಲ್ಲ.

ಇಂಥ ಗಾಳಿವಸ್ತುವಿಗೂ ನ್ಯಾಯವುಂಟೇ ಎಂದು ಯಾರಾದರೂ ಕೇಳಬಹುದು. ಬಸ್ಸಿನ ಟಿಕೆಟ್ ಕೂಡ ಒಂದು ಚೂರು ಕಾಗದವೇ. ಅದಕ್ಕೆ ಬೆಲೆ ಬಂದಿರುವುದು ಕಾಗದದಿಂದಲ್ಲ, ಅದರ ಹಿಂದಿರುವ ಹಣದಿಂದ ಮತ್ತು ಕೊಟ್ಟ ಮಾತಿನಿಂದ. ಆಟದ ವಸ್ತುವಿನ ಹಿಂದೆಯೂ ಒಬ್ಬನ ಸಮಯವಿದೆ, ಅನೇಕ ವೇಳೆ ಅವನ ತಂದೆತಾಯಿಯ ದುಡಿಮೆಯ ಹಣವಿದೆ. ಎಲ್ಲಿ ಒಬ್ಬನ ದುಡಿಮೆ ಇನ್ನೊಬ್ಬನ ಕೈ ಸೇರುತ್ತದೋ ಅಲ್ಲಿ ಏಳನೆಯ ಕಟ್ಟಳೆ ಇದ್ದೇ ಇರುತ್ತದೆ.

ಏಳನೆಯ ಕಟ್ಟಳೆ: ಕಳ್ಳಾಟ ಮತ್ತು ಹಿಂದಿರುಗಿಸುವ ಹೊಣೆ

ಜಗದ್ಗುರು ಸಂತ ಎರಡನೆಯ ಜಾನ್ ಪೌಲರು 1992ರಲ್ಲಿ ಹೊರತಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಆಟದ ವಿಷಯವನ್ನು ಬಿಟ್ಟಿಲ್ಲ. ಅದೃಷ್ಟದ ಆಟವೂ ಪಂದ್ಯವೂ ತಾವಾಗಿಯೇ ಅನ್ಯಾಯವಲ್ಲ, ಆದರೆ ತನಗೋ ತನ್ನನ್ನು ನಂಬಿದವರಿಗೋ ಬೇಕಾದ ಹಣವನ್ನು ಅವು ನುಂಗುವಾಗ ಒಪ್ಪತಕ್ಕವಲ್ಲ ಎಂದು ಅದರ 2413ನೆಯ ಪರಿಚ್ಛೇದ ಬೋಧಿಸುತ್ತದೆ. ಆಟದಲ್ಲಿ ಮೋಸ ಮಾಡುವುದು ಗಂಭೀರ ವಿಷಯವೆಂದೂ ಅಲ್ಲೇ ಹೇಳಿದೆ. ಆದ ನಷ್ಟ ತೀರಾ ಅಲ್ಪವಾಗಿದ್ದರೆ ಮಾತ್ರ ಅದರ ಭಾರ ಕಡಿಮೆ.

ಇದಕ್ಕೆ ನಡೆದ ಒಂದು ಘಟನೆಯನ್ನು ನೋಡೋಣ. ಬ್ಲಿಜರ್ಡ್ ಎಂಬ ಕಂಪನಿ 2012ರ ಮೇ ತಿಂಗಳಲ್ಲಿ 'ಡಯಾಬ್ಲೊ 3' ಎಂಬ ಆಟವನ್ನು ಬಿಡುಗಡೆ ಮಾಡಿತು. ಜೂನ್ ತಿಂಗಳಲ್ಲಿ ಅದರೊಳಗೆ ನಿಜವಾದ ಹಣಕ್ಕೆ ವಸ್ತುಗಳನ್ನು ಮಾರುವ ಹರಾಜು ಕಟ್ಟೆಯೂ ತೆರೆಯಿತು. 2013ರ ಮೇ ತಿಂಗಳಲ್ಲಿ ಆಟದ ತಂತ್ರಾಂಶವನ್ನು ತಿದ್ದಿದಾಗ ಅದರಲ್ಲಿ ಒಂದು ದೋಷ ನುಸುಳಿತು. ಹರಾಜಿಗಿಟ್ಟ ಆಟದ ಚಿನ್ನವನ್ನು ವಾಪಸು ತೆಗೆದುಕೊಂಡರೆ, ಇಟ್ಟದ್ದಕ್ಕಿಂತ ಹೆಚ್ಚು ಚಿನ್ನ ಕೈಗೆ ಬರುತ್ತಿತ್ತು. ಇದನ್ನು ಕಂಡುಕೊಂಡ ಕೆಲವರು ಮತ್ತೆ ಮತ್ತೆ ಇಟ್ಟರು, ಮತ್ತೆ ಮತ್ತೆ ತೆಗೆದರು. ಇಲ್ಲದ ಚಿನ್ನ ಸಂತೆಗೆ ಹರಿದು ಬಂತು. ಹಗಲು ರಾತ್ರಿ ಆಡಿ ಕೂಡಿಟ್ಟವರ ಚಿನ್ನಕ್ಕೆ ಬೆಲೆ ಕುಸಿಯಿತು.

ಕಂಪನಿ ಹರಾಜು ಕಟ್ಟೆಯನ್ನು ಮುಚ್ಚಿ ಲೆಕ್ಕ ನೋಡಲು ಕುಳಿತಿತು. ಅದರ ಮುಂದೆ ಎರಡು ದಾರಿಗಳಿದ್ದವು. ಇಡೀ ಆಟವನ್ನೇ ದೋಷ ನುಸುಳುವ ಮುಂಚಿನ ಸ್ಥಿತಿಗೆ ಹಿಂದಿರುಗಿಸುವುದು ಒಂದು. ಅದು ಸುಲಭ, ಆದರೆ ಪ್ರಾಮಾಣಿಕವಾಗಿ ಆಡಿದವರ ಶ್ರಮವೂ ಅಳಿಸಿಹೋಗುತ್ತಿತ್ತು. ಒಂದೊಂದೇ ಖಾತೆಯ ಲೆಕ್ಕ ತೆಗೆದು ತಪ್ಪಿತಸ್ಥರನ್ನು ಹುಡುಕುವುದು ಇನ್ನೊಂದು. ಕಂಪನಿ ಎರಡನೆಯದನ್ನು ಆರಿಸಿಕೊಂಡಿತು. ತಪ್ಪು ಮಾಡಿದವರ ಖಾತೆಗಳನ್ನು ತಡೆಹಿಡಿಯಿತು ಇಲ್ಲವೆ ಮುಚ್ಚಿತು. ಹೆಚ್ಚುವರಿ ಚಿನ್ನದ ಬಹುಪಾಲನ್ನು ಹಿಂದಕ್ಕೆ ಪಡೆಯಿತು. ಅಂಥ ಖಾತೆಗಳವರು ನಡೆಸಿದ ಹರಾಜಿನಿಂದ ಬಂದ ಹಣವನ್ನು ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ಅಮೆರಿಕದ ಒಂದು ದತ್ತಿ ಸಂಸ್ಥೆಗೆ ಕೊಡುವುದಾಗಿ ಘೋಷಿಸಿತು. ಮುಂದೆ 2014ರ ಮಾರ್ಚ್ 18ರಂದು ಆ ಹರಾಜು ಕಟ್ಟೆಯೇ ಶಾಶ್ವತವಾಗಿ ಮುಚ್ಚಿತು. ಆಡಿ ಗಳಿಸುವ ಬದಲು ಕೊಂಡು ಗಳಿಸುವುದರಿಂದ ಆಟದ ಸಾರವೇ ಕೆಡುತ್ತದೆ ಎಂಬುದು ಕಂಪನಿಗೂ ಮನವರಿಕೆಯಾಗಿತ್ತು.

"ಬಾಗಿಲು ತೆರೆದಿತ್ತು, ಒಳಗೆ ಹೋದೆವು. ತಪ್ಪು ಬಾಗಿಲು ಹಾಕದವರದ್ದು" ಎಂದು ವಾದಿಸುವವರು ಎಲ್ಲ ಕಾಲದಲ್ಲೂ ಇದ್ದಾರೆ. ಬಾಗಿಲು ಹಾಕದವನು ಅಜಾಗರೂಕನಿರಬಹುದು. ಆದರೂ ಒಳಗಿನ ಸೊತ್ತು ಹೊಕ್ಕವನದಾಗುವುದಿಲ್ಲ. ಚಿಲ್ಲರೆ ಹೆಚ್ಚು ಬಂದಾಗ ಹಿಂದಿರುಗಿಸು ಎಂದು ನಾವು ಮಗುವಿಗೆ ಕಲಿಸಿದ ಪಾಠವೇ ಇಲ್ಲಿಯೂ ನಿಲ್ಲುತ್ತದೆ.

ಹಿಂದಿರುಗಿಸುವುದು ಹೇಗೆ? ಜಕ್ಕಾಯನ ಕಥೆ ನಮಗೆ ಗೊತ್ತು (ಲೂಕ 19). ಯೇಸುಸ್ವಾಮಿ ಮನೆಗೆ ಬಂದಾಗ ಅವನು ಬರೀ ಕಣ್ಣೀರಿಡಲಿಲ್ಲ. ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟಾಗಿ ಕೊಡುವೆನೆಂದ, ಆಸ್ತಿಯ ಅರ್ಧ ಬಡವರಿಗೆಂದ. ಸೊತ್ತು ಯಾರದೆಂದು ಗೊತ್ತಿದ್ದರೆ ಅವರಿಗೇ ಕೊಡಬೇಕು, ಎಷ್ಟು ಹುಡುಕಿದರೂ ತಿಳಿಯದಿದ್ದರೆ ಬಡವರಿಗೆ ಸಲ್ಲಿಸಬೇಕು ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಹರಾಜಿನ ಹಣ ಮಕ್ಕಳ ಆಸ್ಪತ್ರೆಗಳ ಕಡೆಗೆ ಹರಿದಾಗ, ಅರಿತೋ ಅರಿಯದೆಯೋ, ಆ ಕಂಪನಿ ಈ ಹಳೆಯ ದಾರಿಯಲ್ಲೇ ನಡೆಯಿತು.

ಕದ್ದ ಮಾಲು ಕೈಯಿಂದ ಕೈಗೆ

ಈ ಸಂತೆಯಲ್ಲಿ ಇನ್ನೂ ಕಷ್ಟದ ಪ್ರಶ್ನೆ ಕಳವಿನದು. ತಿಂಗಳಿಗೆ ಸುಮಾರು 77,000 ಸ್ಟೀಮ್ ಖಾತೆಗಳು ಕಳ್ಳರ ಪಾಲಾಗಿ ಲೂಟಿಯಾಗುತ್ತಿವೆ ಎಂದು ವಾಲ್ವ್ ಕಂಪನಿಯೇ 2015ರ ಡಿಸೆಂಬರ್‌ನಲ್ಲಿ ಹೇಳಿಕೊಂಡಿತು. ಕದ್ದ ವಸ್ತು ಕ್ಷಣಮಾತ್ರದಲ್ಲಿ ಒಬ್ಬನಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ದಾಟಿಬಿಡುತ್ತದೆ. ಕೊನೆಗೆ ಅದನ್ನು ಹಣ ಕೊಟ್ಟು ಕೊಂಡವನಿಗೆ ಕಳವಿನ ಸುದ್ದಿಯೇ ಗೊತ್ತಿರುವುದಿಲ್ಲ.

ಸೊತ್ತು ಕಳೆದುಕೊಂಡವನಿಗೆ ಕಂಪನಿ ಅದೇ ಬಗೆಯ ಇನ್ನೊಂದು ವಸ್ತುವನ್ನು ಹೊಸದಾಗಿ ಸೃಷ್ಟಿಸಿ ಕೊಡುತ್ತಿತ್ತು. ಯಾರಿಗೂ ನೋವಿಲ್ಲದ ಪರಿಹಾರದಂತೆ ಇದು ಕಾಣುತ್ತದೆ. ಆದರೆ ಅಪರೂಪದ ವಸ್ತು ಒಂದಿದ್ದದ್ದು ಎರಡಾದರೆ, ಅಂಥದನ್ನೇ ಇಟ್ಟುಕೊಂಡಿರುವ ಉಳಿದವರ ವಸ್ತುವಿನ ಬೆಲೆ ಇಳಿಯುತ್ತದೆ. ಈ ಮಾತನ್ನು ಕಂಪನಿಯೇ ಒಪ್ಪಿಕೊಂಡಿತು. ಒಬ್ಬನ ನಷ್ಟವನ್ನು ತುಂಬುವಾಗ ಇನ್ನೊಬ್ಬನ ಜೇಬಿಗೆ ಕೈಹಾಕಬಾರದು ಎಂಬ ನೀತಿ ಇಲ್ಲಿ ಎಷ್ಟು ಸೂಕ್ಷ್ಮ ನೋಡಿ.

2018ರ ಮಾರ್ಚ್‌ನಲ್ಲಿ, ಬದಲಾವಣೆಯಿಂದ ಪಡೆದ ಕೌಂಟರ್ ಸ್ಟ್ರೈಕ್ ವಸ್ತುವನ್ನು 7 ದಿನಗಳವರೆಗೆ ಮತ್ತೆ ಬದಲಾಯಿಸುವಂತಿಲ್ಲ ಎಂಬ ನಿಯಮ ಬಂತು. ಆ ಆಟದ ಪೆಟ್ಟಿಗೆಗಳನ್ನು ತೆರೆಯಲು ಹಣ ಕೊಟ್ಟು ಕೊಳ್ಳುವ ಕೀಲಿಗಳನ್ನು ಒಬ್ಬರಿಂದೊಬ್ಬರಿಗೆ ಮಾರುವುದನ್ನು 2019ರ ಅಕ್ಟೋಬರ್‌ನಲ್ಲಿ ಕಂಪನಿ ನಿಲ್ಲಿಸಿತು. ಹಾಗೆ ಕೈ ಬದಲಾಗುತ್ತಿದ್ದ ಕೀಲಿಗಳು ಹೆಚ್ಚುಕಡಿಮೆ ಎಲ್ಲವೂ ವಂಚನೆಯ ಹಣದವೆಂದು ಅದಕ್ಕೆ ಮನದಟ್ಟಾಗಿತ್ತು. 2025ರ ಜುಲೈನಲ್ಲಿ, ವಂಚನೆಗೆ ಒಳಗಾದವನು 7 ದಿನಗಳೊಳಗೆ ಬದಲಾವಣೆಯನ್ನು ರದ್ದುಮಾಡಿ ವಸ್ತುವನ್ನು ಹಿಂಪಡೆಯುವ ಏರ್ಪಾಡೂ ಆಯಿತು.

ತಿಳಿಯದೆ ಕೊಂಡವನ ಬಗ್ಗೆ ನಮ್ಮ ನೀತಿಬೋಧನೆ ಏನು ಹೇಳುತ್ತದೆ? ಕದ್ದ ವಸ್ತು ಎಷ್ಟು ಕೈ ದಾಟಿದರೂ ತನ್ನ ಒಡೆಯನದೇ. ಆದ್ದರಿಂದ ಸತ್ಯ ತಿಳಿದ ಮೇಲೆ ಇಟ್ಟುಕೊಳ್ಳುವ ಹಕ್ಕು ಇಲ್ಲ. ಆದರೆ ತಿಳಿಯದೆ ಕೊಂಡವನು ಕಳ್ಳನಲ್ಲ. ವಸ್ತುವನ್ನು ಅವನಿಂದ ಪಡೆಯುವುದು ನ್ಯಾಯ, ಅವನಿಗೆ ಕಳ್ಳನ ಶಿಕ್ಷೆ ವಿಧಿಸುವುದು ಅನ್ಯಾಯ. ಹಾಗೆಂದು ಪೇಟೆಯ ಬೆಲೆಯ ಕಾಲುಭಾಗಕ್ಕೆ ಅಪರಿಚಿತನೊಬ್ಬ ಮಾರಲು ಬಂದಾಗ ಕಣ್ಣುಮುಚ್ಚಿ ಕೊಂಡವನು "ನನಗೆ ತಿಳಿದಿರಲಿಲ್ಲ" ಎಂದರೆ ಮನಸ್ಸಾಕ್ಷಿ ಒಪ್ಪಬೇಕಲ್ಲ? ಎರಡು ಕಲ್ಲುಗಳ ನಡುವೆ ಗೂಟ ನಾಟಿಕೊಳ್ಳುವಂತೆ ಕೊಳ್ಳುವ ಮಾರುವ ನಡುವೆ ಪಾಪ ಬಂದು ಸೇರುತ್ತದೆ ಎಂದು ಸಿರಾಖನ ಗ್ರಂಥ ಎಚ್ಚರಿಸುವುದು (27:2) ಮಾರುವವನನ್ನು ಮಾತ್ರವಲ್ಲ.

ಎಂಟನೆಯ ಕಟ್ಟಳೆ: ವಿಚಾರಿಸದ ತೀರ್ಪು

ಇಲ್ಲಿಯವರೆಗೆ ಆಟಗಾರನ ಕರ್ತವ್ಯ ನೋಡಿದೆವು. ಶಿಕ್ಷಿಸುವವನ ಕರ್ತವ್ಯವೂ ಇದೆ. ಈ ಸಂತೆಯಲ್ಲಿ ಸಂತೆಯ ಒಡೆಯನೂ ಕಂಪನಿಯೇ, ಸುಂಕ ಎತ್ತುವವನೂ ಕಂಪನಿಯೇ, ನ್ಯಾಯ ಹೇಳುವವನೂ ಕಂಪನಿಯೇ. ತಪ್ಪಿತಸ್ಥರನ್ನು ಹಿಡಿಯುವ ಕೆಲಸವನ್ನು ಬಹುಮಟ್ಟಿಗೆ ಯಂತ್ರಕ್ಕೆ ಒಪ್ಪಿಸಲಾಗಿದೆ. ಕಳ್ಳಾಟ ಹೆಚ್ಚಿದರೆ ಪ್ರಾಮಾಣಿಕರು ಆಡುವುದೇ ಕಷ್ಟ. ಆದ್ದರಿಂದ ಮೋಸಗಾರರನ್ನು ಹೊರಹಾಕುವ ಹಕ್ಕು ಕಂಪನಿಗೆ ಇದೆ, ಇರಬೇಕು. ಆದರೆ ಯಂತ್ರವೂ ತಪ್ಪುತ್ತದೆ.

2010ರ ಜುಲೈನಲ್ಲಿ ಇದೇ ವಾಲ್ವ್ ಕಂಪನಿಯ ಕಳ್ಳಾಟ ಪತ್ತೆ ಯಂತ್ರ ಸುಮಾರು 12,000 ಆಟಗಾರರಿಗೆ ತಪ್ಪಾಗಿ ನಿಷೇಧ ಹಾಕಿತು. ಕಂಪನಿ ತನ್ನದೇ ತಂತ್ರಾಂಶವನ್ನು ಹೊಸದಾಗಿಸುತ್ತಿದ್ದಾಗ ಆದ ವ್ಯತ್ಯಾಸವನ್ನು ಯಂತ್ರ ಆಟಗಾರರ ಮೋಸವೆಂದು ಬಗೆದಿತ್ತು. ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರು. ನಿಷೇಧಗಳನ್ನು ತೆಗೆದು, ನೊಂದವರಿಗೆ ಒಂದು ಆಟವನ್ನು ಉಚಿತವಾಗಿ ಕೊಟ್ಟರು. ಗೆಳೆಯನಿಗೆ ಉಡುಗೊರೆಯಾಗಿ ಕೊಡಲು ಇನ್ನೊಂದು ಪ್ರತಿಯನ್ನೂ ಸೇರಿಸಿದರು. 2023ರ ಅಕ್ಟೋಬರ್‌ನಲ್ಲಿ ಇನ್ನೊಂದು ಪ್ರಸಂಗ. ಎಎಂಡಿ ಎಂಬ ಕಂಪನಿ ತನ್ನ ಗ್ರಾಫಿಕ್ಸ್ ಕಾರ್ಡುಗಳ ತಂತ್ರಾಂಶದಲ್ಲಿ ತಂದ ಹೊಸ ಸೌಲಭ್ಯವನ್ನು ಬಳಸಿದ ಕಾರಣಕ್ಕೇ ಕೆಲವು ಕೌಂಟರ್ ಸ್ಟ್ರೈಕ್ ಆಟಗಾರರು ಮೋಸಗಾರರೆನಿಸಿಕೊಂಡರು. ಎಎಂಡಿ ಆ ಸೌಲಭ್ಯವನ್ನು ಹಿಂತೆಗೆದುಕೊಂಡಿತು, ನಿಷೇಧಗಳೂ ಹಿಂದಕ್ಕೆ ಹೋದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ನೆನಪಾಗುತ್ತದೆ.

ಬರೆ ಹಾಕಿದ ಮೇಲೆ ಮುಲಾಮು ಹಚ್ಚುವುದು ಒಳ್ಳೆಯದೇ. ಆದರೆ ನಡುವಿನ ದಿನಗಳಲ್ಲಿ ಆ ಹುಡುಗನ ಸ್ಥಿತಿ ಯೋಚಿಸಿ. ಅವನ ಹೆಸರಿನ ಪಕ್ಕದಲ್ಲಿ ನಿಷೇಧದ ಗುರುತು ಎಲ್ಲರಿಗೂ ಕಾಣುತ್ತಿರುತ್ತದೆ. ಜೊತೆಗಾರರು "ನೀನು ಮೋಸಗಾರ" ಎನ್ನುತ್ತಾರೆ. ಸಾಕಷ್ಟು ಆಧಾರವಿಲ್ಲದೆ ನೆರೆಯವನನ್ನು ತಪ್ಪಿತಸ್ಥನೆಂದು ನಂಬುವುದೇ ದುಡುಕಿನ ತೀರ್ಪು, ಅದು ಎಂಟನೆಯ ಕಟ್ಟಳೆಗೆ ವಿರುದ್ಧ ಎಂದು ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ (2477). ಹೋದ ವಸ್ತು ಹಿಂದಿರುಗಬಹುದು, ಹೋದ ಹೆಸರು ಹಾಗೆ ಬೇಗ ಬರುವುದಿಲ್ಲ.

ತಪಸ್ಸುಕಾಲದ ಐದನೆಯ ವಾರದ ಸೋಮವಾರ ಬಲಿಪೂಜೆಯಲ್ಲಿ ಸುಸನ್ನಳ ಕಥೆಯನ್ನು ಓದುತ್ತೇವೆ (ದಾನಿಯೇಲ 13). ಅವಳ ಮೇಲೆ ಸುಳ್ಳು ಆರೋಪ ಹೊರಿಸಿದವರು ಇಬ್ಬರು ಹಿರಿಯರು, ಸ್ವತಃ ನ್ಯಾಯಾಧೀಶರು. ಅವರ ಸ್ಥಾನ ನೋಡಿ ಸಭೆ ನಂಬಿತು, ಮರಣದಂಡನೆಯನ್ನೂ ವಿಧಿಸಿತು. ಆಗ ಯುವಕ ದಾನಿಯೇಲ ಎದ್ದು ನಿಂತು, ವಿಚಾರಣೆಯೇ ನಡೆಸದೆ ಹೇಗೆ ತೀರ್ಪು ಕೊಟ್ಟಿರಿ ಎಂದು ಕೇಳಿದ. ಆರೋಪಿಸಿದವರಿಬ್ಬರನ್ನು ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಪ್ರಶ್ನಿಸಿದ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಬೇರೆ ಮರ ಹೇಳಿದ. ಸುಳ್ಳು ಹೊರಬಿತ್ತು, ನಿರಪರಾಧಿ ಉಳಿದಳು. ದಾನಿಯೇಲ ಕೇಳಿದ್ದು ಒಂದೇ ಪ್ರಶ್ನೆ. ನಿರಪರಾಧಿಯನ್ನು ಉಳಿಸಲು ಅಷ್ಟೇ ಸಾಕಾಯಿತು.

ಇಂದಿನ ಯಂತ್ರದ ಮುಂದೆ ಆ ಪ್ರಶ್ನೆ ಕೇಳುವವರು ಬೇಕು. ತಾನು ಹೇಗೆ ಪತ್ತೆ ಹಚ್ಚುತ್ತೇನೆಂಬ ಗುಟ್ಟನ್ನು ಕಂಪನಿ ಬಯಲು ಮಾಡಬೇಕಿಲ್ಲ. ಹಾಗೆ ಮಾಡಿದರೆ ಮೋಸಗಾರರಿಗೆ ಅದೇ ಪಾಠವಾದೀತು. ಆದರೆ ಆರೋಪ ಏನೆಂದು ತಿಳಿಸುವುದು, ಆರೋಪಿತನ ಮಾತು ಕೇಳುವುದು, ಮೇಲ್ಮನವಿಯನ್ನು ಒಬ್ಬ ಮನುಷ್ಯ ಓದುವುದು, ಇಷ್ಟು ಆಗಲೇಬೇಕು. 2024ರ ಫೆಬ್ರವರಿ 17ರಿಂದ ಪೂರ್ಣವಾಗಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯಿದೆ ಈ ದಿಕ್ಕಿನಲ್ಲೇ ಇದೆ. ನಿಯಮಕ್ಕೆ ವಿರುದ್ಧವಾದುದನ್ನು ಹಾಕಿದನೆಂದು ಯಾರದಾದರೂ ಖಾತೆಯನ್ನು ತಡೆದರೆ ಕಾರಣ ಕೊಡಬೇಕು. ದೊಡ್ಡ ವೇದಿಕೆಗಳು ದೂರನ್ನೂ ಸ್ವೀಕರಿಸಬೇಕು, ಅದರ ಮೇಲಿನ ತೀರ್ಮಾನವನ್ನು ಯಂತ್ರಕ್ಕೆ ಮಾತ್ರ ಬಿಡಬಾರದು. ಅಂದಿನ ಜಗದ್ಗುರು ಫ್ರಾನ್ಸಿಸರೂ 2024ರ ವಿಶ್ವ ಶಾಂತಿ ದಿನದ ಸಂದೇಶದಲ್ಲಿ, ಮನುಷ್ಯನನ್ನು ಬರೀ ಮಾಹಿತಿಯ ರಾಶಿಯಂತೆ ಎಣಿಸಬಾರದೆಂದು ಎಚ್ಚರಿಸಿದ್ದರು.

ಕಳೆ ಮತ್ತು ಗೋದಿಯ ಸಾಮತಿಯಲ್ಲಿ (ಮತ್ತಾಯ 13) ಆಳುಗಳು ಕಳೆಯನ್ನು ಕೂಡಲೇ ಕೀಳಲು ಹೊರಟಾಗ ಯಜಮಾನ ತಡೆದ. ಅವನಿಗೆ ಕಳೆಯ ಮೇಲೆ ಪ್ರೀತಿಯಿರಲಿಲ್ಲ, ಗೋದಿಯ ಮೇಲೆ ಕಾಳಜಿಯಿತ್ತು. ನ್ಯಾಯ ನಡೆಸುವವರು ಮೊದಲು ಗೋದಿಯನ್ನು ನೆನೆಯಬೇಕು.

ಮನೆಯಲ್ಲಿ ನಾವೇನು ಮಾಡಬಹುದು?

ಮೊದಲನೆಯದಾಗಿ, ಮಗು ಬಂದು "ಅಪ್ಪಾ, ನನ್ನ ಖಾತೆಗೆ ನಿಷೇಧ ಹಾಕಿಬಿಟ್ಟರು" ಎಂದಾಗ ನಾವೂ ವಿಚಾರಿಸದ ನ್ಯಾಯಾಧೀಶರಾಗಬಾರದು. "ನೀನೇ ಏನೋ ಮಾಡಿರಬೇಕು" ಎಂಬುದೂ ದುಡುಕು, "ನನ್ನ ಮಗ ಅಂಥವನಲ್ಲ" ಎಂಬುದೂ ದುಡುಕು. ಹತ್ತಿರ ಕೂರಿಸಿಕೊಂಡು ಕೇಳಬೇಕು. ಯಾವ ತಂತ್ರಾಂಶ ಹಾಕಿಕೊಂಡಿದ್ದೆ? ಯಾರಿಂದ ಕೊಂಡೆ? ಪಾಸ್‌ವರ್ಡ್ ಯಾರಿಗಾದರೂ ಕೊಟ್ಟಿದ್ದೆಯಾ?

ಎರಡನೆಯದಾಗಿ, ಮಗು ನಿರಪರಾಧಿಯಾಗಿದ್ದರೆ ಜೊತೆಗೆ ಕುಳಿತು ಮೇಲ್ಮನವಿ ಬರೆಯಲು ನೆರವಾಗಬೇಕು. ಇದ್ದದ್ದನ್ನು ಇದ್ದ ಹಾಗೆ, ಬೈಗುಳವಿಲ್ಲದೆ, ಉತ್ಪ್ರೇಕ್ಷೆಯಿಲ್ಲದೆ ಬರೆಯಲಿ. ಉತ್ತರ ಬಾರದೆ ಹೋಗಬಹುದು. ಅನ್ಯಾಯವನ್ನು ಎದುರಿಸುವಾಗಲೂ ಸತ್ಯ ಬಿಡಬಾರದು ಎಂಬ ಪಾಠವಾದರೂ ಉಳಿಯುತ್ತದೆ.

ಮೂರನೆಯದಾಗಿ, ತಪ್ಪು ಮಾಡಿದ್ದರೆ ಶಿಕ್ಷೆಯನ್ನು ಒಪ್ಪಿಕೊಳ್ಳಲಿ. ಬೇರೆ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ಹಳೆಯದನ್ನೇ ಮುಂದುವರಿಸುವುದಕ್ಕೆ ನಾವು ಹಣ ಕೊಡಬಾರದು. ಯಾರಿಂದಲಾದರೂ ಮೋಸದಿಂದ ಪಡೆದದ್ದಿದ್ದರೆ ಹಿಂದಿರುಗಿಸಲಿ. ಮುಂದಿನ ಪಾಪನಿವೇದನೆಯಲ್ಲಿ ಅದನ್ನೂ ಹೇಳಿಕೊಳ್ಳಲಿ. ಆಟದ ಪಾಪವೆಂದು ನಾಚಿಕೊಳ್ಳಬೇಕಿಲ್ಲ.

ನಾಲ್ಕನೆಯದಾಗಿ, ಗೇಟು ಕಾಯುವುದು ನಮ್ಮ ಕೆಲಸ. ಸ್ಟೀಮ್ ಖಾತೆ ತೆರೆಯಲು ಕನಿಷ್ಠ 13 ವರ್ಷ ತುಂಬಿರಬೇಕು. ವಯಸ್ಸನ್ನು ಸುಳ್ಳು ಹೇಳಿ ಆರಂಭಿಸಿದರೆ ಮೊದಲ ಹೆಜ್ಜೆಯೇ ಸುಳ್ಳಾಗುತ್ತದೆ. ಮನೆಯವರ ಕಾರ್ಡನ್ನು ಕೇಳದೆ ಬಳಸುವುದು ಕಳವೇ. ಆಟದ ವಸ್ತುಗಳನ್ನೇ ಪಣವಿಟ್ಟು ಜೂಜಾಡಿಸುವ ಜಾಲತಾಣಗಳೂ ಇವೆ. ಅಂಥ 20ಕ್ಕೂ ಹೆಚ್ಚು ತಾಣಗಳಿಗೆ ವಾಲ್ವ್ 2016ರ ಜುಲೈನಲ್ಲಿ ನಿಲ್ಲಿಸುವಂತೆ ನೋಟಿಸು ಕೊಟ್ಟಿತ್ತು. ನಮ್ಮ ದೇಶದ ಸಂಸತ್ತೂ 2025ರ ಆಗಸ್ಟ್‌ನಲ್ಲಿ ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಮಕ್ಕಳು ಅತ್ತ ಸುಳಿಯದಂತೆ ನೋಡಿಕೊಳ್ಳೋಣ.

ಕುಟುಂಬ ಪ್ರಾರ್ಥನೆಯ ನಂತರ ಚಿಂತನೆಗೆ

1. ತಂತ್ರಾಂಶದ ದೋಷದಿಂದ ಬಂದ ಲಾಭವನ್ನು ಇಟ್ಟುಕೊಳ್ಳುವುದಕ್ಕೂ ಹೆಚ್ಚು ಬಂದ ಚಿಲ್ಲರೆಯನ್ನು ಇಟ್ಟುಕೊಳ್ಳುವುದಕ್ಕೂ ವ್ಯತ್ಯಾಸವಿದೆಯೇ?

2. ನಾವು ಕೊಂಡ ವಸ್ತು ಕಳವಿನದೆಂದು ಆಮೇಲೆ ತಿಳಿದರೆ ಏನು ಮಾಡಬೇಕು?

3. ನಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರನ್ನಾದರೂ ಅವರ ಮಾತು ಕೇಳದೆಯೇ ತಪ್ಪಿತಸ್ಥರೆಂದು ತೀರ್ಮಾನಿಸಿದ್ದೇವೆಯೇ? ಅವರ ಹೆಸರನ್ನು ಸರಿಪಡಿಸಲು ಏನು ಮಾಡಿದ್ದೇವೆ?

ಪ್ರಾರ್ಥನೆ: ನ್ಯಾಯಸ್ವರೂಪರಾದ ದೇವರೇ, ಆಟದಲ್ಲಾಗಲಿ ವ್ಯಾಪಾರದಲ್ಲಾಗಲಿ ನಮ್ಮ ಮಕ್ಕಳ ಕೈ ಶುದ್ಧವಾಗಿರಲಿ. ಅನ್ಯಾಯ ಉಂಡಾಗ ಅವರ ಮನಸ್ಸು ಕಹಿಯಾಗದಿರಲಿ. ಇನ್ನೊಬ್ಬರ ಮೇಲೆ ತೀರ್ಪು ಹೇಳುವ ಮುನ್ನ ಕೇಳಿಸಿಕೊಳ್ಳುವ ತಾಳ್ಮೆಯನ್ನು ನಮ್ಮೆಲ್ಲರಿಗೂ ದಯಪಾಲಿಸಿರಿ. ಆಮೆನ್.